ರಾಯರ ಕಟ್ಟಕಡೆಯ ಅಧೀನ ನೌಕರ

ಹಲಸೂರು ಕೆರೆಯಿಂದಾಚೆ ಇಂದಿರಾನಗರದವರೆಗೆ ಪ್ರಾತಃಕಾಲದಲ್ಲಿ ಸಂಚರಿಸುವವರಿಗೆ ಒಂದು ವಿಶಿಷ್ಟ ವರ್ಗದ ಮಹನೀಯರ ದರ್ಶನವಾಗದೆ ಇರದು. ಉದ್ಯೋಗದಲ್ಲಿದ್ದಷ್ಟು ಕಾಲವೂ ನೂರಾರು ಮಂದಿಯನ್ನು ನಡುಗಿಸಿ, ನಿವೃತ್ತರಾದ ಮರುದಿನವೇ ಮನೆಯಲ್ಲಿ ತಮ್ಮ ಮಾತು ಕೇಳುವ ಪ್ರಾಣಿಯೊಂದೂ ಇಲ್ಲವೆಂಬ ಸತ್ಯವನ್ನು ಕಂಡುಕೊಂಡು, ಆ ಕೊರತೆಯನ್ನು ಪ್ರಾಣಿಯೊಂದನ್ನೇ ತಂದು ನೀಗಿಸಿಕೊಂಡವರು ಇವರು.

1940ರಲ್ಲಿ ಸ್ಥಾಪಿತವಾದ ನಮ್ಮ ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಿಂದ ನಿವೃತ್ತರಾದ ರಾಯರು ಈ ವರ್ಗದ ಶಿರೋಮಣಿಗಳು. ಸೋಫಾದ ಮೇಲೆ ಒಂದು ಕೂದಲೂ ಬೀಳಕೂಡದೆಂಬ ಶ್ರೀಮತಿಯವರ ಷರತ್ತಿಗೆ ಬದ್ಧರಾಗಿ ಅವರು ಪೂಡಲ್ ಜಾತಿಯ ನಾಯಿಯನ್ನು ತಂದರು. ಷರತ್ತೇನೋ ನೆರವೇರಿತು, ಆದರೆ ಉದುರಿದ ಕೂದಲು ನೆಲಕ್ಕೆ ಬೀಳದೆ ಗುಂಗುರಿನೊಳಗೇ ತಂಗಿ, ಇರುವ ಕೂದಲಿನೊಡನೆ ಹೆಣೆದುಕೊಂಡು ಸಿಕ್ಕುಗಟ್ಟುವುದರಿಂದ, ಗುಡಿಸುವ ಶ್ರಮವು ಬಾಚುವ ಶ್ರಮವಾಗಿ ರೂಪಾಂತರ ಹೊಂದಿ ರಾಯರ ಪಾಲಿಗೆ ಬಂದಿತು.

ಪ್ರತಿ ಭಾನುವಾರ ವರಾಂಡದಲ್ಲಿ, ಜಾರದಂತೆ ರಬ್ಬರ್ ಹಾಸಿದ ಹಳೆಯ ಮೇಜಿನ ಮೇಲೆ ಅಧೀನ ನೌಕರನನ್ನು ನಿಲ್ಲಿಸಿ, ಕೂದಲನ್ನು ಪದರ ಪದರವಾಗಿ ಬಿಡಿಸಿ, ಬುಡದಿಂದ ತುದಿಯವರೆಗೆ ಬ್ರಷ್ ಎಳೆದು, ತರುವಾಯ ಉಕ್ಕಿನ ಬಾಚಣಿಗೆಯು ಚರ್ಮದವರೆಗೂ ನಿರಾತಂಕವಾಗಿ ಇಳಿಯುವುದೋ ಎಂದು ಪರೀಕ್ಷಿಸುವರು. ಕಿವಿಯ ಹಿಂಭಾಗ, ಕಂಕುಳು, ಕೊರಳಪಟ್ಟಿಯ ಅಡಿ, ಈ ಮೂರು ಸ್ಥಳಗಳ ಮೇಲೆ ಅವರಿಗೆ ಸದಾ ಸಂಶಯ. ಮೇಲುಮೇಲಕ್ಕೆ ಬಾಚುವುದೆಂದರೆ ಕಡತವನ್ನು ಓದದೆ ರುಜು ಹಾಕಿದಂತೆ, ಎಂಬುದು ಅವರ ಮತ. ಶಿವಾಜಿನಗರದಲ್ಲಿ ಸಾಣೆ ಹಿಡಿಸಿ ತಂದ ಕತ್ತರಿಯನ್ನು ಮಗನ ಮೀಸೆಗೂ ಕೊಡರು. ಪೂಡಲ್ ಮೂಲತಃ ಬೇಟೆಗಾರರ ಜಲಶ್ವಾನವೆಂದೂ, ತಣ್ಣೀರಿನಲ್ಲಿ ಕೀಲುಗಳು ಬೆಚ್ಚಗಿರಲೆಂದೇ ಅಲ್ಲಲ್ಲಿ ಕೂದಲ ಗುಚ್ಛಗಳನ್ನು ಉಳಿಸುತ್ತಿದ್ದರೆಂದೂ ದಾರಿಹೋಕರಿಗೆ ವಿವರಿಸುವರು. ಜಲಶ್ವಾನವು ಸ್ನಾನದ ಬಕೆಟ್ಟನ್ನು ಕಂಡೊಡನೆ ಮಂಚದಡಿ ಸೇರುವ ಸಂಗತಿಯನ್ನು ಮಾತ್ರ ಹೇಳರು.

ಸಿಕ್ಕು ಬಿಡಿಸದೆ ನೀರು ತಾಕಿಸಕೂಡದು, ತಾಕಿಸಿದರೆ ಗಂಟು ಬಿಗಿಯುವುದು. ಇದು ಆ ಮನೆಯ ಪ್ರಥಮ ಶಾಸನ. ಶಾಸನ ಸರಿಯಾದದ್ದೇ, ಈ ವಿಷಯದಲ್ಲಿ ನಾನೂ ರಾಯರ ಪಕ್ಷ. ಆದರೆ ಅದನ್ನು ಬೇಸಗೆಯ ರಜಕ್ಕೆ ಬಂದ ಮೊಮ್ಮಗಳಿಗೆ ಯಾರೂ ಓದಿ ಹೇಳಿರಲಿಲ್ಲ. ರಾಯರು ಕೆ.ಆರ್. ಪುರದಲ್ಲೊಂದು ಮದುವೆಗೆ ಹೋಗಿದ್ದ ದಿನ ಆಕೆ, ಆ ವಾರ ಬಾಚಣಿಗೆಯನ್ನೇ ಕಾಣದಿದ್ದ ನಾಯಿಗೆ, ತನ್ನ ಶಾಂಪುವಿನಿಂದ ಅಭ್ಯಂಜನ ಮಾಡಿಸಿ, ಟವೆಲಿನಿಂದ ಶಕ್ತಿಯಿದ್ದಷ್ಟೂ ತಿಕ್ಕಿ ಒರೆಸಿದಳು.

"ತಾತ, ಘಮ್ ಅಂತಿದೆ ಅಲ್ವಾ?"

ರಾಯರು ಕನ್ನಡಕ ಧರಿಸಿ, ನಖಶಿಖಾಂತ ತಪಾಸಣೆ ನಡೆಸಿ, ಬಹಳ ಹೊತ್ತು ಮೌನವಾಗಿದ್ದರು.

"ನಿಧಾನವಾಗಿ ಬಿಡಿಸಿದರಾಗದೇನ್ರೀ?" ಎಂದರು ಶ್ರೀಮತಿ.

"ಚರ್ಮದವರೆಗೂ ಜಡೆಗಟ್ಟಿದೆ ಕಣೇ. ಅದನ್ನು ನೋಯಿಸಿ ನನ್ನ ಮರ್ಯಾದೆ ಉಳಿಸಿಕೊಳ್ಳಲೇ? ಮೆಷಿನ್ ತೆಗೆದುಕೊಂಡು ಬಾ."

ಮರುದಿನ ಬೆಳಗ್ಗೆ, ಅರ್ಧಕ್ಕಿಳಿದ ಗಾತ್ರದ, ಇಮ್ಮಡಿಸಿದ ಉತ್ಸಾಹದ ಆ ಬೋಳುಜೀವಿಯು ರಾಯರನ್ನು ಎಳೆದುಕೊಂಡು ಡಿಫೆನ್ಸ್ ಕಾಲೋನಿಯ ಮರಗಳಡಿಯಲ್ಲಿ ಸಾಗುತ್ತಿರಲಾಗಿ, ಜಲಶ್ವಾನದ ಉಪನ್ಯಾಸವನ್ನು ಅನೇಕ ಬಾರಿ ಕೇಳಿದ್ದ ಪರಿಚಿತರೊಬ್ಬರು ಎದುರಾದರು.

"ಹೊಸ ನಾಯಿಯೇ ಸ್ವಾಮಿ?"

"ಹೌದು," ಎಂದರು ರಾಯರು.