ದಾರಿ ಜಗಳ, ಹೊಲದ ಜಗಳ

ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಓದುವವರ ಮನೆಯಲ್ಲಿ ಹೆಣ ಬೀಳದ ದಿನವಿಲ್ಲ. ಸೋಫೋಕ್ಲಿಸನ ಈಡಿಪಸ್ ಅಪ್ಪನನ್ನು ಕೊಂದು, ಅಮ್ಮನನ್ನು ಮದುವೆಯಾಗಿ, ಕಣ್ಣು ಚುಚ್ಚಿಕೊಂಡ. ಸದ್ಯ, ಯುರೋಪ್ ಮುಗಿಯಿತು ಅಂತ ಆಫ್ರಿಕಾದ ಪುಸ್ತಕ ತೆರೆದರೆ ಅಲ್ಲೂ ಅವನೇ! ನೈಜೀರಿಯಾದ ಓಲಾ ರೋಟಿಮಿ 1968ರಲ್ಲಿ ಅವನಿಗೆ ಓಡೆವಾಲೆ ಎಂದು ಹೆಸರಿಟ್ಟು, ಯೊರೂಬಾ ನಾಡಿನ ದೊರೆ ಮಾಡಿ ರಂಗಕ್ಕೆ ತಂದರು. ಗ್ರೀಕರಲ್ಲಿ ಕೊಲೆಯಾದದ್ದು ದಾರಿ ಬಿಡುವ ಜಗಳಕ್ಕೆ, ಇಲ್ಲಿ ಗೆಡ್ಡೆಗೆಣಸಿನ ಹೊಲದ ತಂಟೆಗೆ. ನಮ್ಮ ತಾಲ್ಲೂಕು ಕೋರ್ಟಿನ ವರಾಂಡದಲ್ಲಿ ಅರ್ಧ ದಿನ ಕೂತವರಿಗೆ ಎರಡಕ್ಕೂ ಗೈಡ್ ಬೇಕಿಲ್ಲ. (ಕನ್ನಡದಲ್ಲೇ ಓದಿ ಬರೆಯುತ್ತೇನೆ ಎನ್ನುವ ಜಾಣರಿಗೆ ಲಂಕೇಶರ ‘ದೊರೆ ಈಡಿಪಸ್’ ಇದೆ.)

ಇಬ್ಸನ್‌ನ ನೋರಾ 1879ರಲ್ಲೇ ಬಾಗಿಲು ಬಡಿದು ಹೋದಳು. ಟಿಪ್ಪಣಿ ಬರೆಯುವವರ ಕೈ ಇನ್ನೂ ನಿಂತಿಲ್ಲ. ಬೆಕೆಟ್‌ನ ನಾಟಕದಲ್ಲಿ ಗೋಡೋ ಬರುವುದೇ ಇಲ್ಲ, ಅವನ ಮೇಲೆ ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ.

ಕವಿತೆಗಳಲ್ಲಿ ಸೋಯಿಂಕಾರದ್ದೊಂದು: ಬಾಡಿಗೆ ಮನೆ ಕೇಳಿ ಫೋನ್ ಮಾಡಿದವನಿಗೆ ಮನೆಯೊಡತಿ, ನೀನೆಷ್ಟು ಕಪ್ಪು ಎಂದು ವಿಚಾರಿಸುತ್ತಾಳೆ. ಬೆಂಗಳೂರಿನಲ್ಲಿ ‘ನೀವು ವೆಜ್ಜಾ? ಯಾವ ಜನ?’ ಅನ್ನಿಸಿಕೊಂಡವರಿಗೆ ಇದು ಬಾಯಿಪಾಠವಾಗಲು ಐದು ನಿಮಿಷ ಸಾಕು. ಹೊತ್ತು ಕಡಿಮೆಯಿದ್ದರೆ ಗೋಡೋನನ್ನು ಕಾಯಲು ಬಿಡಿ, ಸೋಯಿಂಕಾರನ್ನು ಓದಿಕೊಳ್ಳಿ.