ಮಾರ್ಚ್ ತಿಂಗಳ ಉಳಿತಾಯಗಾರ

ಮಾರ್ಚ್ ತಿಂಗಳ ಉಳಿತಾಯಗಾರ ಸಂಬಳದಾರರಲ್ಲಿ ಹೇರಳವಾಗಿ ಕಾಣಸಿಗುವ ಜಾತಿ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನಲ್ಲೂ ಇದ್ದಾನೆ, ದಾವಣಗೆರೆಯ ಕಾಲೇಜಿನ ಸ್ಟಾಫ್ ರೂಮಿನಲ್ಲೂ ಇದ್ದಾನೆ. ವರ್ಷದ ಬಹುಪಾಲು ಈತನನ್ನು ಬೇರೆಯವರಿಂದ ಬಿಡಿಸಿ ಗುರುತಿಸುವುದು ಕಷ್ಟ: ಐದನೇ ತಾರೀಖಿಗೆ ಇಎಂಐ, ಹತ್ತಕ್ಕೆ ಕಾರ್ಡಿನ ಬಿಲ್ಲು, ಇಪ್ಪತ್ತಕ್ಕೆ ‘ಈ ತಿಂಗಳು ಸ್ವಲ್ಪ ಟೈಟು’. ಭವಿಷ್ಯದ ಚಿಂತೆ ಇಲ್ಲವೆಂದಲ್ಲ. ಅದಕ್ಕೊಂದು ಋತು ಗೊತ್ತು ಮಾಡಿಕೊಂಡಿದ್ದಾನೆ. ಆ ಋತುವನ್ನು ಉದ್ಘಾಟಿಸುವವರು ಕಚೇರಿಯ ಎಚ್‌ಆರ್‌ನವರು.

ಏಪ್ರಿಲಿನಲ್ಲಿ, ಈ ವರ್ಷ ಎಷ್ಟು ಹೂಡುತ್ತೀರಿ ಎಂದು ಅವರು ಕೇಳುತ್ತಾರೆ. ಕೇಳುವುದು ಬರೀ ಘೋಷಣೆ, ದುಡ್ಡಲ್ಲ. ಹಾಗಾಗಿ ಉಳಿತಾಯಗಾರ ಧಾರಾಳಿ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಕಲಮಿನಡಿ ಸಿಗುವ ವಿನಾಯಿತಿಯ ಮಿತಿ 2014ರಲ್ಲಿ ಒಂದು ಲಕ್ಷದಿಂದ ಒಂದೂವರೆ ಲಕ್ಷಕ್ಕೆ ಏರಿತು. ಆತ ಪೂರ್ತಿ 1,50,000 ಎಂದು ತುಂಬಿ, ಉಳಿಸಿಯೇಬಿಟ್ಟ ಸಮಾಧಾನದಲ್ಲಿ ಊಟಕ್ಕೆ ಏಳುತ್ತಾನೆ. ಮುಂದೆ ಜನವರಿಯವರೆಗೆ ಆ ಸಮಾಧಾನಕ್ಕೆ ಭಂಗ ಬರುವುದಿಲ್ಲ.

ಜನವರಿಯಲ್ಲಿ ‘ಪ್ರೂಫ್ ಕೊಡಿ’ ಎಂಬ ಮೇಲ್ ಬರುತ್ತದೆ. ಕೊಡದಿದ್ದರೆ ಕೊನೆಯ ಎರಡು ತಿಂಗಳ ಸಂಬಳದಲ್ಲಿ ತೆರಿಗೆ ಮುರಿಯುತ್ತಾರೆ. ಮೊದಲು ನಡೆಯುವುದು ಬಾಡಿಗೆ ರಸೀದಿಯ ಕೆಲಸ: ಹನ್ನೆರಡು ತಿಂಗಳ ರಸೀದಿಗಳೂ ಒಂದೇ ಸಂಜೆ, ಒಂದೇ ಪೆನ್ನಿನಲ್ಲಿ ಹುಟ್ಟುತ್ತವೆ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರೂ ಬೇಕು. ಹಬ್ಬಕ್ಕೆ ಒಬ್ಬಟ್ಟು ಕಳಿಸುವ ಮಾಲೀಕರು ಪ್ಯಾನ್ ಎಂದ ಕೂಡಲೇ ಸ್ನಾನಕ್ಕೆ ಹೋಗಿರುತ್ತಾರೆ.

ಆಮೇಲೆ ಬರುವುದು ವಿಮೆಯ ಭಾವ. ಎಲ್ಲ ಸಂಸಾರಗಳಲ್ಲೂ ಒಬ್ಬ ಇರುತ್ತಾನೆ. ಮದುವೆ, ನಾಮಕರಣಗಳಲ್ಲಿ ಮಗುವಿನ ಹುಟ್ಟಿದ ದಿನವನ್ನು ಜ್ಯೋತಿಷಿಗಿಂತ ಮೊದಲು ಬರೆದುಕೊಳ್ಳುವವನು. ಫೆಬ್ರವರಿಯಲ್ಲಿ ಅವನಿಗೆ ಉಳಿತಾಯಗಾರನೇ ಫೋನ್ ಮಾಡುತ್ತಾನೆ. ‘ಯಾವ ಪಾಲಿಸಿ ಒಳ್ಳೇದು?’ ಎಂಬ ಪ್ರಶ್ನೆ ಏಳುವುದೇ ಇಲ್ಲ. ‘ಎಷ್ಟರದು ಬೇಕು ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ’ ಅನ್ನುತ್ತಾನೆ ಭಾವ. ಇಪ್ಪತ್ತು ವರ್ಷದ ಮೇಲೆ ಕೈಗೆ ಬರುವ ಮೊತ್ತವನ್ನು ಕಾಗದದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಇಪ್ಪತ್ತು ವರ್ಷದ ಮೇಲೆ ಆ ಮೊತ್ತಕ್ಕೆ ಏನು ಸಿಗುತ್ತದೆ ಎಂದು ಕೇಳುವುದು ಸಂಬಂಧಿಕರ ನಡುವೆ ಸಲ್ಲದು. ಆರು ಸಹಿ, ಒಂದು ಚೆಕ್ಕು, ವರ್ಷಕ್ಕೆ ಒಂದು ಲಕ್ಷದ ಕಂತು.

ಇಲ್ಲಿ ಲೆಕ್ಕ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಆತನಂತೂ ನೋಡುವುದಿಲ್ಲ. ಮೂಲ ವೇತನ ತಿಂಗಳಿಗೆ 50,000 ಎಂದಿಟ್ಟುಕೊಂಡರೆ ಭವಿಷ್ಯ ನಿಧಿಗೆ ಶೇ 12ರಂತೆ ವರ್ಷಕ್ಕೆ 72,000 ತಾನಾಗಿಯೇ ಹೋಗಿದೆ. ಮಗುವಿನ ಶಾಲೆಯ ಬೋಧನಾ ಶುಲ್ಕ 60,000. ಎರಡೂ 80ಸಿಯ ಲೆಕ್ಕಕ್ಕೇ ಬರುತ್ತವೆ. ಒಂದೂವರೆ ಲಕ್ಷದಲ್ಲಿ ಖಾಲಿ ಉಳಿದದ್ದು 18,000 ಮಾತ್ರ. ಶೇ 20ರ ತೆರಿಗೆ, ಅದರ ಮೇಲೆ ಶೇ 4ರ ಸೆಸ್ ಹಿಡಿದರೆ ಉಳಿದ ತೆರಿಗೆ 3,744 ರೂಪಾಯಿ. ಅದನ್ನು ಉಳಿಸಲು ಆತ ಇಪ್ಪತ್ತು ವರ್ಷ, ವರ್ಷಕ್ಕೊಂದು ಲಕ್ಷ ಕಟ್ಟುವುದಾಗಿ ಸಹಿ ಹಾಕಿದ್ದಾನೆ. ವಿಮೆಯ ಮೊತ್ತ ಕಂತಿನ ಹತ್ತು ಪಟ್ಟು, ಎಂದರೆ ಹತ್ತು ಲಕ್ಷ. ಆತನೇ ಇಲ್ಲವಾದರೆ ಮನೆಯವರಿಗೆ ಎರಡು ವರ್ಷದ ಮೂಲ ವೇತನದಷ್ಟೂ ಆಗದು. ಕಂತಿನ ಸಣ್ಣದೊಂದು ಪಾಲಿಗೆ ಇದರ ಹಲವು ಪಟ್ಟು ರಕ್ಷಣೆ ಕೊಡುವ ಟರ್ಮ್ ಪಾಲಿಸಿಯನ್ನು ಭಾವ ಹೇಳಿರಲಿಲ್ಲ. ಹೇಳಿದ್ದರೂ ‘ಬದುಕಿದ್ರೆ ಏನೂ ಬರಲ್ವಾ?’ ಎಂದು ಈತ ತಳ್ಳಿಹಾಕುತ್ತಿದ್ದ. ಪಾಲಿಸಿ ಬೇಡವೆನಿಸಿದರೆ 30 ದಿನದೊಳಗೆ ಹಿಂತಿರುಗಿಸಬಹುದು ಎಂಬ ವಿಷಯ ಬಾಂಡಿನ ಲಕೋಟೆಯೊಳಗಿದೆ. ಲಕೋಟೆ ಬೀರುವಿನಲ್ಲಿ ಭದ್ರವಾಗಿದೆ.

ಪಿಪಿಎಫ್ ಖಾತೆಯೂ ಈತನಿಗೆ ಇರುವುದುಂಟು. ಅಲ್ಲಿ ಪ್ರತಿ ತಿಂಗಳು 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಮೊತ್ತಕ್ಕೆ ಬಡ್ಡಿ. ಏಪ್ರಿಲ್ 5ರೊಳಗೆ 1,50,000 ಹಾಕಿದವನಿಗೆ ಶೇ 7.1ರ ದರದಲ್ಲಿ ಆ ವರ್ಷವೇ 10,650 ರೂಪಾಯಿ ಸೇರುತ್ತದೆ. ಮಾರ್ಚ್ 31ರ ರಾತ್ರಿ ಬ್ಯಾಂಕಿನ ಸರ್ವರ್ ಜೊತೆ ಗುದ್ದಾಡಿ ಹಾಕಿದವನಿಗೆ ಸೊನ್ನೆ. ಆದರೂ ಮರುದಿನ ಆಫೀಸಿನಲ್ಲಿ ಆತನ ಮುಖದಲ್ಲಿರುವ ಗೆಲುವು ಏಪ್ರಿಲಿನಲ್ಲೇ ಹಾಕಿದವನ ಮುಖದಲ್ಲಿ ಇರುವುದಿಲ್ಲ.

ಜೂನಿನಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕಾದಾಗ ಉಳಿತಾಯವೆಲ್ಲ ಇದ್ದಲ್ಲೇ ಇರುತ್ತದೆ: ತೆರಿಗೆ ಉಳಿಸುವ ಮ್ಯೂಚುವಲ್ ಫಂಡ್ ಮೂರು ವರ್ಷಕ್ಕೆ, ಪಿಪಿಎಫ್ ಹದಿನೈದಕ್ಕೆ, ಪಾಲಿಸಿ ಇಪ್ಪತ್ತಕ್ಕೆ. ಅಡ್ವಾನ್ಸ್ ಕಟ್ಟುವುದು ಕ್ರೆಡಿಟ್ ಕಾರ್ಡು. ಬಾಕಿ ತೀರುವ ಹೊತ್ತಿಗೆ ಮತ್ತೆ ಜನವರಿ.

ಈ ಜಾತಿಗೆ ಈಚೆಗೆ ಕುತ್ತು ಬಂದಿದೆ. 2023-24ರಿಂದ, ಕೇಳದೆಯೇ ಅನ್ವಯವಾಗುವುದು ಹೊಸ ತೆರಿಗೆ ಪದ್ಧತಿ. ಅದರಲ್ಲಿ 80ಸಿಯೂ ಇಲ್ಲ, ಬಾಡಿಗೆ ರಸೀದಿಯೂ ಇಲ್ಲ. 2025ರ ಬಜೆಟ್ಟಿನ ನಂತರ 12.75 ಲಕ್ಷದವರೆಗಿನ ಸಂಬಳಕ್ಕೆ ಆ ಪದ್ಧತಿಯಲ್ಲಿ ತೆರಿಗೆಯೇ ಬೀಳುವುದಿಲ್ಲ. ಎಚ್‌ಆರ್ ಪ್ರೂಫ್ ಕೇಳುವುದು ನಿಂತಿತು. ಕೇಳುವವರಿಲ್ಲದ ಮೇಲೆ ಉಳಿತಾಯವೂ ನಿಂತಿತು. ಭಾವನ ಪಾಲಿಸಿ ಮೂರನೇ ಕಂತಿಗೆ ಲ್ಯಾಪ್ಸ್ ಆಗಿದೆ, ಪಿಪಿಎಫ್‌ಗೆ ವರ್ಷದ ಕನಿಷ್ಠ 500 ರೂಪಾಯಿಯೂ ಬಿದ್ದಿಲ್ಲ, ಕೈಗೆ ಹೆಚ್ಚು ಬಂದ ಹಣ ಹೊಸ ಕಾರಿನ ಇಎಂಐ ಆಗಿದೆ. ಎಡವಟ್ಟಾಗಿಯಾದರೂ ಈತ ಉಳಿಸುತ್ತಿದ್ದುದು ತೆರಿಗೆಯ ಭಯಕ್ಕೇ ಹೊರತು ನಾಳೆಯ ಯೋಚನೆಯಿಂದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಈಗ ಈತನ ಹೆಸರಿನಲ್ಲಿ ತಿಂಗಳು ತಿಂಗಳೂ ಬೆಳೆಯುತ್ತಿರುವ ಹಣ ಒಂದೇ: ಕೈಗೆ ಸಿಗುವ ಮುಂಚೆಯೇ ಕಚೇರಿ ಮುರಿದುಕೊಳ್ಳುವ ಭವಿಷ್ಯ ನಿಧಿ.