ಎರಡನೇ ಒಲಿ

"ಮಾಸ್ತರ, ಮ್ಯಾಲ ಎರಡು ಖೋಲಿ ಏರಿಸಬೇಕಂತ ಮಾಡೀನಿ," ಅಂದರು ಗೋಡೆಯಾಚೆಯ ಕಾಕಾ. "ಟ್ರ್ಯಾಕ್ಟರ್ ಫ್ಯಾಕ್ಟ್ರಿ ಹುಡುಗ್ರು ಕಿರಾಯಕ್ಕ ಕೇಳ್ಲಿಕತ್ತಾರ."

"ಜಾಗಾ ಎಷ್ಟು ಗಜ?"

"ನೂರಾ ಐವತ್ತು."

ಎಪ್ಪತ್ತೈದರೊಳಗಿದ್ದಿದ್ದರೆ ಕಾಕಾ ಪುಣ್ಯವಂತರಾಗುತ್ತಿದ್ದರು. ತೆಲಂಗಾಣದ 2020ರ ಟಿಎಸ್-ಬಿಪಾಸ್ ಕಟ್ಟಡ ಮಂಜೂರಿ ಕಾಯ್ದೆಯ ಪ್ರಕಾರ ಅಷ್ಟು ಜಾಗದಲ್ಲಿ ಕೆಳಗೊಂದು ಮೇಲೊಂದು ಅಂತಸ್ತಿಗೆ ಪರ್ಮಿಶನ್ನೇ ಬೇಡ; ಒಂದು ರೂಪಾಯಿ ಕಟ್ಟಿ ನೋಂದಾಯಿಸಿದರೆ ಮುಗಿಯಿತು. ಅದರ ಮೇಲೆ ಆರುನೂರು ಗಜದವರೆಗೆ, ಹತ್ತು ಮೀಟರ್ ಎತ್ತರದೊಳಗೆ, ನಾನು ಕಾನೂನಿನಂತೆಯೇ ಕಟ್ಟುತ್ತೇನೆಂದು ತಾನೇ ಬರೆದುಕೊಟ್ಟರೆ ಕೂಡಲೇ ಮಂಜೂರಿ. ಬರೆದದ್ದು ಸುಳ್ಳಾದರೆ ನೋಟಿಸೂ ಇಲ್ಲದೆ ಕೆಡವುತ್ತಾರೆ.

"ನಾ ಎಂದರ ಸುಳ್ಳು ಹೇಳೀನೇನ್ರಿ?"

ನಾನು ಪಕ್ಕದ ಸಂದಿಯತ್ತ ನೋಡಿದೆ. 2012ರ ಕಟ್ಟಡ ನಿಯಮದಂತೆ ಇವರಷ್ಟು ಜಾಗಕ್ಕೆ ಮುಂದೆ ಕನಿಷ್ಠ ಒಂದೂವರೆ ಮೀಟರ್, ಉಳಿದ ಕಡೆ ಒಂದೊಂದು ಮೀಟರ್ ಬಯಲು ಬಿಡಬೇಕು. ಆ ಒಂದು ಮೀಟರಿನಲ್ಲಿ ಕಾಕಾರ ಬಚ್ಚಲು, ಕಟ್ಟಿಗೆ ರಾಶಿ, ಮಗಳ ಮದುವೆಯಲ್ಲಿ ಉಳಿದ ತಾಂಡೂರು ಫರ್ಸಿ ಎಲ್ಲವೂ ಸುಖವಾಗಿವೆ. ಈಗ ಹುಡುಗರು ಹತ್ತುವ ಮೆಟ್ಟಿಲೂ ಅಲ್ಲಿಗೇ ಬರಬೇಕಂತೆ.

"ಖರೇ ಅಂದ್ರ, ಇದು ಬ್ಯಾರೆ ಮನಿ ಆಗ್ತದೋ, ಇದೇ ಮನಿಯೋ?"

ಒಳ್ಳೆಯ ಪ್ರಶ್ನೆ. ಮುನ್ಸಿಪಾಲ್ಟಿಯವರು ಗಜ ನೋಡುತ್ತಾರೆ, ಕರೆಂಟಿನವರು ಮೀಟರ್ ನೋಡುತ್ತಾರೆ. ಜನಗಣತಿಯವರು ಮಾತ್ರ ನಮ್ಮ ಅವ್ವಂದಿರ ಹಾಗೆ: ಒಂದು ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ತಮ್ಮನೊಬ್ಬ ಹೆಂಡತಿಯ ಮಾತು ಕೇಳಿ ಪಡಸಾಲೆಯ ಮೂಲೆಯಲ್ಲಿ ಒಲಿ ಹೂಡಿದನೆಂದರೆ ಗೋಡೆ ಏಳದಿದ್ದರೂ ಮನೆ ಎರಡಾಗಿರುತ್ತಿತ್ತು.

"ಊರಿಗೇ ಬ್ಯಾರೆ ಒಲಿ ಹೂಡ್ಸ್ಯಾರಲ್ರಿ ನಮಗ," ಅಂದರು ಕಾಕಾ. 1956ರ ರಾಜ್ಯ ಮರುವಿಂಗಡಣೆಯ ಮಾತು ಅದು. ಆಗ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಿಂದ, ತಾಂಡೂರು ಗುಲ್ಬರ್ಗಾದಿಂದ ಆಂಧ್ರದ ಕಡೆಗೆ, ಈಗಿನ ತೆಲಂಗಾಣಕ್ಕೆ, ಹೋದವು. ಜಹೀರಾಬಾದ್ ತಾಲೂಕಿನಲ್ಲಿ ನಿರ್ಣಾ ಸರ್ಕಲ್ ಒಂದನ್ನು ಮಾತ್ರ ಆಚೆ ಕನ್ನಡದ ಕಡೆ ಬಿಟ್ಟರು. ಮನೆ ಕಳಕೊಂಡವರ ಹಾಗೆ ಅಲ್ಲ, ಒಂದೇ ಮನೆಯ ಮೇಲಿನ ಖೋಲಿಗೆ ಹೋದವರ ಹಾಗೆ ನಾವು. ರೊಟ್ಟಿಯೂ ಮಾತೂ ಕೆಳಗಿನದೇ. ಆದರೆ ಮುನ್ಸಿಪಾಲ್ಟಿ ಅರ್ಜಿ ಕನ್ನಡದಲ್ಲಿಲ್ಲ, ಹಾಗಾಗಿ ತುಂಬಲು ನನ್ನ ಮಗಳನ್ನೇ ಕರೆಯಬೇಕು.

"ಮೊದಲು ಬಚ್ಚಲ ತೆಗೀರಿ, ಕಾಕಾ. ಒಂದು ಮೀಟರ್ ಬಿಡ್ರಿ."

ಕಾಕಾ ಗೋಡೆಯ ಮೇಲೆ ಬಗ್ಗಿ ನಮ್ಮ ಕಡೆಯ ಸಂದಿಯನ್ನು ಅಳೆಯುವವರಂತೆ ನೋಡಿದರು.

"ನೀವು ಒಂದು ಬಿಟ್ಟೀರಿ. ನಾ ಒಂದು ಬಿಟ್ಟರ ಎರಡಾತು. ನಡು ಈ ಗೋಡಿ ತೆಗದ್ರ ಒಂದು ಎಮ್ಮಿ ಆರಾಮ ಕಟ್ಟಬಹುದಲ್ರಿ!"